ಬೇಡಲು ಬಾರದ ಸಾಮ್ರಾಜ್ಞಿ

ಪೀಣ್ಯದ ಸ್ಪ್ರಿಂಗ್ ಕಾರ್ಖಾನೆಯೊಂದರಲ್ಲಿ ಹದಿನೆಂಟು ವರ್ಷಗಳಿಂದ ಮಾಲು ತಪಾಸಣೆ ಮಾಡುವ ಗಂಗಮ್ಮ, ದೇವರು ತನಗೆ ಕೊಟ್ಟಿದ್ದು ಗಂಟಲೊಂದೇ ಎಂದು ತಾನೇ ಹೇಳಿಕೊಂಡು ನಗುತ್ತಿದ್ದಳು. ಯಂತ್ರಗಳ ಸದ್ದನ್ನು ಮೀರಿ ಅವಳು ಬೈದರೆ ಪಕ್ಕದ ಶೆಡ್ಡಿನವರೂ ನೆಟ್ಟಗೆ ನಿಲ್ಲುತ್ತಿದ್ದರು. ಆ ಬೈಗುಳ ಕೇಳಿಯೇ, ಹಿಂದಿನ ರಸ್ತೆಯಲ್ಲಿ ಡಬ್ಬಿಂಗ್ ಸ್ಟುಡಿಯೋ ನಡೆಸುವ ನಿವೇದಿತಾ ಹುಡುಕಿಕೊಂಡು ಬಂದಳು. ಪುರಾತನ ರೋಮಿನ ಕಥೆಯ ವಿದೇಶಿ ಧಾರಾವಾಹಿಯೊಂದು ಕನ್ನಡಕ್ಕೆ ಬರುತ್ತಿತ್ತು. ಅದರ ಕ್ರೂರ ಸಾಮ್ರಾಜ್ಞಿಗೆ ದನಿ ಬೇಕಿತ್ತು.

ಭಾನುವಾರಗಳಂದು ಗಂಗಮ್ಮ ಮೈಕಿನ ಮುಂದೆ ನಿಂತು ಗಂಡನಿಗೆ ವಿಷ ಹಾಕಿಸಿದಳು, ಮೂವರು ಸೇನಾಪತಿಗಳನ್ನು ಗಡೀಪಾರು ಮಾಡಿದಳು. ಎಲ್ಲವೂ ಒಂದೇ ಟೇಕ್. ತಾನು ಹುಟ್ಟು ಕಲಾವಿದೆ ಎಂಬ ಅನುಮಾನ ಬಲವಾಗತೊಡಗಿತು. ಯಾರಾದರೂ ದನಿ ಗುರುತಿಸಲಿ ಎಂದು ಮೆಟ್ರೋದಲ್ಲಿ ಬೇಕಂತಲೇ ಜೋರಾಗಿ ಫೋನಿನಲ್ಲಿ ಮಾತಾಡುತ್ತಿದ್ದಳು. ಜನ ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು.

ಕೊನೆಯ ಕಂತಿನಲ್ಲಿ ಸಾಮ್ರಾಜ್ಞಿ ಸಿಕ್ಕಿಬಿದ್ದಳು. ಕಾವಲುಗಾರನ ಕಾಲು ಹಿಡಿದು ಜೀವ ಬೇಡಬೇಕು.

“ನನ್ನನ್ನು ಬಿಟ್ಟುಬಿಡು!” ಎಂದಳು ಗಂಗಮ್ಮ.

“ಮೇಡಂ, ನೀವು ಅವನಿಗೆ ಮೆಮೋ ಕೊಡ್ತಿದ್ದೀರ. ಬೇಡ್ಕೋಬೇಕು ಕಣ್ರೀ,” ಎಂದಳು ನಿವೇದಿತಾ.

ಒಂಬತ್ತು ಟೇಕ್ ಹಾಳಾದವು.

“ಬೇಡೋದು ನನಗ ಬರಂಗಿಲ್ಲವ್ವ,” ಎಂದು ಗಂಗಮ್ಮ ಜಂಬದಿಂದಲೇ ಹೇಳಿದಳು. ಹೇಳಿದ ಮರುಕ್ಷಣ ನೆನಪಾಯಿತು. ಹೋದ ತಿಂಗಳು ಅಳತೆ ತಪ್ಪಿದ ಮಾಲು ವಾಪಸು ಬಂದಾಗ, ಮ್ಯಾನೇಜರ್ ಕೊಟ್ರಪ್ಪನ ಮುಂದೆ “ನಂದೇನೂ ತಪ್ಪಿಲ್ರೀ ಸಾರ್, ಮಷಿನ್ ನಡೆಸಿದ್ದು ಮರೆಪ್ಪ” ಎಂದು ಗೋಗರೆದಿದ್ದಳು. ಮರೆಪ್ಪನಿಗೆ ತಪ್ಪು ಅಳತೆ ಬರೆದುಕೊಟ್ಟವಳು ಅವಳೇ.

ಆ ತೆಳ್ಳನೆಯ, ಒದ್ದೆ ದನಿಯನ್ನೇ ಮೈಕಿಗೆ ಕೊಟ್ಟಳು. ನಿವೇದಿತಾ ಚಪ್ಪಾಳೆ ತಟ್ಟಿದಳು. ಗಂಗಮ್ಮನ ಕಿವಿ ಬಿಸಿಯಾಯಿತು.

ಕಂತು ಬಂದ ದಿನ ಊಟದ ಹೊತ್ತಿಗೆ ಎಲ್ಲರೂ ಮರೆಪ್ಪನ ಫೋನಿಗೆ ಮುಗಿಬಿದ್ದರು. “ಅಕ್ಕ, ಭಾರೀ ಅತ್ತೀರಿ. ಖರೇನ ಅನಿಸ್ತು,” ಎಂದ ಮರೆಪ್ಪ, ಮನಸಾರೆ. ಗಂಗಮ್ಮ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಹಾಕಿದಳು. ಡಬ್ಬಿ ಮುಚ್ಚಿ, ಕೊಟ್ರಪ್ಪನ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದಳು.

“ಸ್ವಲ್ಪ ಜೋರಾಗಿ ಹೇಳಮ್ಮ, ಕೇಳಿಸ್ತಿಲ್ಲ,” ಎಂದ ಅವನು.

ಈ ಮಾತನ್ನು ಈವರೆಗೆ ಯಾರೂ ಅವಳಿಗೆ ಹೇಳಿರಲಿಲ್ಲ. ಇನ್ನೊಮ್ಮೆ ಹೇಳಿದಳು, ಬಾಗಿಲಾಚೆ ಇದ್ದವರಿಗೂ ಕೇಳಿಸಿತು. ಮರೆಪ್ಪನಿಗೆ ಕೊಟ್ಟಿದ್ದ ಎಚ್ಚರಿಕೆ ಪತ್ರವನ್ನು ಕೊಟ್ರಪ್ಪ ಹರಿದು ಹಾಕಿದ. ಗಂಗಮ್ಮನನ್ನು ಒಂದು ತಿಂಗಳು ಪ್ಯಾಕಿಂಗಿಗೆ ಹಾಕಿದ.

ಮರೆಪ್ಪ ಎರಡು ದಿನ ಊಟಕ್ಕೆ ಬೇರೆ ಕಡೆ ಕೂತ. ಮೂರನೆಯ ದಿನ ಖಾಲಿ ಡಬ್ಬಗಳ ಕಟ್ಟು ತಂದು ಅವಳ ಮುಂದೆ ಇಳಿಸಿದ. “ಮಹಾರಾಣಿಯವ್ರ, ಟೇಪ್ ನೆಟ್ಟಗ ಹಚ್ಚ್ರಿ,” ಎಂದ.

ಗಂಗಮ್ಮ ಬೈಯಲು ಬಾಯಿ ತೆರೆದು, ನಕ್ಕು, ಟೇಪ್ ಹಚ್ಚಿದಳು. ಅದೂ ಸೊಟ್ಟಗಾಯಿತು.