ಮಾಜಿ ಗವರ್ನರ್‌ನ ಹಂದಿಗಾವಲು

ಅಸಾಹೆಲ್ ವಾಡ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಗವರ್ನರ್ ಆಗಿದ್ದಾಗ, ಜಿಲ್ಲೆಯ ಹೊಸ ನ್ಯಾಯಾಲಯವನ್ನು ಸ್ವಂತ ಊರಾದ ಕ್ರಾಸ್ಬಿಗೆ ಕೊಡಲಿಲ್ಲ. ಎಲ್ಲರಿಗೂ ನಡುವೆ ಬೀಳುತ್ತದೆಂದು ಪಕ್ಕದ ಊರಿಗೆ ಕೊಟ್ಟ. ಮುಂದಿನ ಚುನಾವಣೆಯಲ್ಲಿ ಕ್ರಾಸ್ಬಿಯವರೇ ಅವನಿಗೆ ಮತ ಹಾಕಲಿಲ್ಲ, ಸೋತ. ಅಂದಿನಿಂದ ಊರ ಸಭೆಗೆ ಕಾಲಿಡಲಿಲ್ಲ.

ಅರವತ್ತು ದಾಟಿದ ಮೇಲೆ ಅವನು ಕೆಜಯಾ ಎಂಬ ವಿಧವೆಯನ್ನು ಮದುವೆಯಾದ. ಊರ ಕೆಲಸಗಳನ್ನು ಹಂಚುವ ಮಾರ್ಚ್ ತಿಂಗಳ ಸಭೆಯ ದಿನ ಅವಳೇ ಟೋಪಿ ತಂದು ಕೈಗಿಟ್ಟಳು.

"ಮುಖ ಊದಿಸ್ಕೊಂಡು ಕೂತವರ ಜೊತೆ ಬಾಳೋಕೆ ನಾನು ಬಂದಿಲ್ಲ. ಹೋಗಿ ಬನ್ನಿ."

ಬೀದಿ ಅಲೆಯುವ ಹಂದಿಗಳನ್ನು ಹಿಡಿದು ದೊಡ್ಡಿಗೆ ಕೂಡುವ ಕೆಲಸವನ್ನು ಆ ವರ್ಷ ಮದುವೆಯಾದ ಗಂಡಸಿನ ತಲೆಗೆ ಕಟ್ಟಿ ನಗುವುದು ಅಲ್ಲಿಯ ವಾಡಿಕೆ. ಹೋಟೆಲಿನ ರೂಫಸ್ ಪೀಸ್ಲಿ ಎದ್ದ.

"ಮದುಮಗ ಹಿಂದಿನ ಬೆಂಚಲ್ಲೇ ಇದಾರಲ್ಲ! ಗವರ್ನರ್ ಸಾಹೇಬ್ರು ರಾಜ್ಯ ನೋಡ್ಕೊಂಡಿದ್ದಾಯ್ತು, ಇನ್ನು ನಮ್ಮ ಹಂದಿ ನೋಡ್ಕೊಳ್ಳಲಿ!"

ಸೂರು ಹಾರುವಂತೆ ನಕ್ಕರು. ವಾಡ್ಲಿಯ ಕಿವಿ ಬಿಸಿಯಾಯಿತು. ಈಗ ಹೊರಗೆ ನಡೆದರೆ ಮತ್ತೆ ಈ ಬಾಗಿಲಿಗೆ ಬರಲಾಗದು, ಊರಿನೊಂದಿಗೆ ಉಳಿದ ಎಳೆಯೂ ಹರಿದಂತೆ. ಅವನು ಎದ್ದು ನಿಂತ.

"ಪ್ರಮಾಣವಚನ ಯಾರು ಹೇಳಿಸ್ತೀರಿ?"

ನಗು ಅರ್ಧಕ್ಕೇ ನಿಂತಿತು.

ಮೇ ತಿಂಗಳಲ್ಲಿ ಪಾದ್ರಿಯ ಬಟಾಣಿ ಪಾತಿಯನ್ನು ಒಂದು ಹೆಣ್ಣುಹಂದಿ ಉತ್ತುಹಾಕಿತು. ನೆಲ ಕೆದಕದಂತೆ ಮೂಗಿಗೆ ಹಾಕಬೇಕಾದ ಉಂಗುರ ಅದಕ್ಕಿರಲಿಲ್ಲ. ರೂಫಸ್‌ನ ಹಂದಿ. ವಾಡ್ಲಿ ಬೆವರು ಸುರಿಸುತ್ತ ಅದನ್ನು ದೊಡ್ಡಿಗೆ ಅಟ್ಟಿದ. ಸುದ್ದಿ ತಿಳಿದು ರೂಫಸ್ ಬುಸುಗುಡುತ್ತ ಬಂದ.

"ಬಾಗಿಲು ತೆಗಿಯಪ್ಪಾ. ತಮಾಷೆಗೆ ಕೊಟ್ಟ ಕೆಲಸ ಅದು."

"ಪ್ರಮಾಣ ಮಾಡಿದ್ದು ತಮಾಷೆಗಲ್ಲ. ಉಂಗುರ ಹಾಕು, ಕರ್ಕೊಂಡು ಹೋಗು."

"ಕೋರ್ಟಿನ ವಿಷಯದಲ್ಲೂ ಹಿಂಗೇ ಹಟ ಹಿಡಿದೆ ನೀನು!"

"ಹೌದು. ಈಗ ಕೇಳಿದ್ರೂ ಅದೇ ಸರಿ ಅಂತೀನಿ."

ರೂಫಸ್ ಬೇಲಿಗೊರಗಿ ಸ್ವಲ್ಪ ಹೊತ್ತು ಹಂದಿಯನ್ನು ನೋಡಿದ, ಆಮೇಲೆ ವಾಡ್ಲಿಯನ್ನು. ಮನೆಗೆ ಹೋಗಿ ಉಂಗುರ, ಇಕ್ಕಳ ತಂದು, ಕೋಟು ಬಿಚ್ಚಿ ಕಂಬಕ್ಕೆ ಸಿಕ್ಕಿಸಿದ.

"ಇಷ್ಟು ದೊಡ್ಡ ಪ್ರಾಣಿನ ಒಬ್ನೇ ಹೆಂಗೋ ಹಿಡೀಲಿ? ಅಸಾಹೆಲ್, ಬಾರೋ, ಹಿಂಗಾಲು ಹಿಡ್ಕೋ."

ಸೋತ ಮೇಲೆ ಊರಿನಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆದಿರಲಿಲ್ಲ. ವಾಡ್ಲಿ ಅಂಗಿಯ ತೋಳು ಮಡಚಿ ಕೆಸರಿಗಿಳಿದ.