ದೇವರ ಪಟದ ಹಿಂದಿನ ಅರ್ಜಿ

ನಾನು ಚಿಕ್ಕವನಿದ್ದಾಗ ನಮ್ಮ ಮಳವಳ್ಳಿಯ ಹೈಸ್ಕೂಲಿನಲ್ಲಿ ಓದುತ್ತಿದ್ದ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ಅವರಲ್ಲಿ ನಮ್ಮಕ್ಕ ಒಬ್ಬಳು. ಬ್ಲಫ್ ವಿದ್ಯುತ್ ಕೇಂದ್ರದ ಕರೆಂಟಿನ ತಂತಿ ನಮ್ಮ ಹೊಲದ ಮೇಲೇ ಹಾದುಹೋಗುತ್ತಿತ್ತು, ಮನೆಯಲ್ಲಿ ಮಾತ್ರ ಸೀಮೆಎಣ್ಣೆ ಬುಡ್ಡಿ. ಅದರ ಹೊಗೆ ಕುಡಿದುಕೊಂಡೇ ಅಕ್ಕ ಓದಿ ಪಾಸಾದಳು.

ಆ ಬೇಸಿಗೆಯಲ್ಲಿ ಮೈಸೂರಿನ ಕಾಲೇಜೊಂದರ ಮೇಷ್ಟ್ರು, ಹಳ್ಳಿ ಮಕ್ಕಳನ್ನು ಕಾಲೇಜಿಗೆ ಕರೆಯುತ್ತ ಊರೂರು ತಿರುಗುತ್ತಿದ್ದವರು, ನಮ್ಮ ಮನೆಗೂ ಬಂದರು. ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು, ಹುಡುಗಿಯರಿಗೆ ಬೇರೆ ಹಾಸ್ಟೆಲ್ಲಿದೆ, ನಿಮ್ಮ ಮಗಳ ಜವಾಬ್ದಾರಿ ನನ್ನದು ಎಂದರು. ಯಾರಿಗೂ ಬಗ್ಗದ ಅಪ್ಪ ಒಪ್ಪಿಕೊಂಡ. ಅವರು ಕೊಟ್ಟ ಅರ್ಜಿಗೆ ಅಲ್ಲೇ ರುಜು ಹಾಕಿದ. ಅವರು ಹೋದ ಮೇಲೆ ಲಗ್ನಪತ್ರಿಕೆಗೆ ಹಚ್ಚುವಂತೆ ಅದರ ನಾಲ್ಕು ಮೂಲೆಗೂ ಅರಿಸಿನ ಹಚ್ಚಿ, ದೇವರ ಪಟದ ಹಿಂದೆ ಸಿಕ್ಕಿಸಿಟ್ಟ.

ಅರ್ಜಿಯನ್ನು ಹೈಸ್ಕೂಲಿನ ಹೆಡ್‌ಮಾಸ್ಟರ ಕೈಗೆ ಕೊಟ್ಟರೆ ಸಾಕಿತ್ತು, ಅವರೇ ಮೈಸೂರಿಗೆ ಕಳಿಸುತ್ತಿದ್ದರು. ಆದರೆ ಅಂಕಪಟ್ಟಿ ಬರುವಷ್ಟರಲ್ಲಿ ಆಷಾಢ ಕಾಲಿಟ್ಟಿತ್ತು. ಕೊನೆಯ ತಾರೀಖು ಹತ್ತಿರ ಬಂತು ಎಂದು ಅಕ್ಕ ಹೇಳಿದಳು. ಅಪ್ಪ ನಕ್ಕ.

"ಆಸಾಢ್ದಲ್ಲಿ ಒಳ್ಳೆ ಕೆಲ್ಸ ಸುರು ಮಾಡಾರೇನವ್ವ? ಕಳೀಲಿ ಬುಡು. ದ್ಯಾವ್ರ ತಾವ ಅದೆ, ಎಲ್ಗೋದಾತು?"

ಅಕ್ಕ ಹೆಚ್ಚು ಹಟ ಮಾಡಲಿಲ್ಲ. ಎಲ್ಲಿ ಅಪ್ಪ ಬೇಡವೇ ಬೇಡ ಅಂದುಬಿಡುತ್ತಾನೋ ಎಂಬ ಭಯ. ಕೊನೆಯ ದಿನ ತಾನೇ ಕದ್ದು ಕೊಟ್ಟುಬರಬೇಕೆಂದಿದ್ದಳು. ಹಾಳಾದ್ದು, ಅವತ್ತೇ ಮುಟ್ಟಾಗಿ ಕೊಟ್ಟಿಗೆಯಲ್ಲಿ ಕೂತಳು. ಆಗ ಮೂರು ದಿನ ಒಳಗೆ ಕಾಲಿಡುವಂತಿರಲಿಲ್ಲ. ಅಪ್ಪ ಹೊಲದಲ್ಲಿದ್ದ. ಅಕ್ಕ ನನ್ನನ್ನು ಕರೆದಳು.

"ಮಗಾ, ಇವತ್ತೇ ಕಡೇ ದಿನ ಕಣ್ಲಾ. ಪಟದ ಇಂದಿರೋ ಕಾಗ್ದ ಎಡ್‌ಮಾಸ್ಟ್ರಿಗೆ ಕೊಟ್ಬುಡ್ಲಾ. ಅಪ್ಪಂಗೆ ನಾನ್ ಯೋಳ್ಕತೀನಿ."

ಹೋದೆ. ಕತ್ತಲ ಕೋಣೆ, ಕರ್ಪೂರದ ವಾಸನೆ, ಎಣ್ಣೆ ಜಿಡ್ಡು ಹಿಡಿದ ಪಟ. ದೇವರ ಹತ್ತಿರದ್ದನ್ನು ಕದ್ದರೆ ಕಣ್ಣು ಹೋಗುತ್ತವೆ ಎಂದು ನಮ್ಮನ್ನು ಹೆದರಿಸಿದ್ದರು. ಕೈ ಚಾಚಿದೆ. ಕಾಗದದ ಅಂಚು ಬೆರಳಿಗೆ ತಾಗಿತು. ಕೈ ಹಿಂದಕ್ಕೆ ಎಳೆದುಕೊಂಡೆ. ಹೇಡಿ ನಾನು. ಸ್ಕೂಲಿನ ಕಡೆ ಬರಿಗೈಯಲ್ಲಿ ಹೋಗಿ, ಹುಣಸೆಮರದ ಕೆಳಗೆ ಗೋಲಿ ಆಡಿ ವಾಪಸು ಬಂದೆ.

"ಕೊಟ್ಯೇನ್ಲಾ?" ಅಂದಳು.

"ಊಂ, ಕೊಟ್ಟೆ."

ಮುಟ್ಟುವಂತಿರಲಿಲ್ಲವಲ್ಲ, ಅಕ್ಕ ದೂರದಿಂದಲೇ ನನಗೆ ದೃಷ್ಟಿ ತೆಗೆದು ನೆಟಿಕೆ ಮುರಿದಳು.

ಆಮೇಲೆ ದಿನಾ ಅಂಚೆಯವನ ದಾರಿ ಕಾದಳು. ಟ್ರಂಕಿಗೆ ಎರಡು ಸೀರೆ ಮಡಚಿಟ್ಟಳು. ಅದನ್ನೆಲ್ಲ ನೋಡಿಕೊಂಡು ನಾನು ಉಂಡು ಮಲಗುತ್ತಿದ್ದೆ. ಶ್ರಾವಣದ ಮೊದಲ ಸೋಮವಾರ ಅಪ್ಪ ಸ್ನಾನ ಮಾಡಿ, ಪೇಟ ಸುತ್ತಿ, ಪಟದ ಹಿಂದಿನಿಂದ ಅರಿಸಿನದ ಕಾಗದ ತೆಗೆದ. ಅಕ್ಕ ಅದನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಮಧ್ಯಾಹ್ನ ಅಪ್ಪ ಕಾಗದ ಹಿಡಿದುಕೊಂಡೇ ಮರಳಿ ಬಂದ.

"ತಾರೀಕು ಆಗೋಯ್ತಂತೆ ಕಣವ್ವ," ಎಂದ. ಎಲ್ಲಿಡಬೇಕೆಂದು ತೋಚದೆ ಅದನ್ನು ಮತ್ತೆ ಪಟದ ಹಿಂದೆಯೇ ಇಟ್ಟ.

ನನ್ನನ್ನು ಕಳಿಸಿದ್ದನ್ನು ಅಕ್ಕ ಅಪ್ಪನಿಗೆ ಹೇಳಲಿಲ್ಲ. ನನ್ನನ್ನು ಬಯ್ಯಲೂ ಇಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಮುಂದಿನ ಬೇಸಿಗೆಗೆ ಮದ್ದೂರಿಗೆ ಮದುವೆಯಾಗಿ ಹೋದಳು. ಸಾಯುವವರೆಗೂ ಪುಸ್ತಕ ಮುಟ್ಟಲಿಲ್ಲ.

ಈಗ, ಮೊಮ್ಮಕ್ಕಳೇ, ನಿಮ್ಮ ಸ್ಕೂಲಿಗೆ ಕಾಲೇಜಿನವರೇ ಬಣ್ಣದ ಪುಸ್ತಕ ಹಿಡಿದು ಬರುತ್ತಾರೆ. ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ತಾರೀಖು ಹೇಳುತ್ತಾರೆ. ನೀವು ಆ ಪುಸ್ತಕ ಹರಿದು ದೋಣಿ ಮಾಡುತ್ತೀರಿ. ಕೊನೇ ದಿನ ಯಾವತ್ತು ಎಂದು ಕೇಳಿದರೆ, ಈ ತಾತನದೊಂದು ಗೋಳು ಅನ್ನುತ್ತೀರಿ. ಅನ್ನಿ. ಅರ್ಜಿ ಹೋಯಿತೆಂದು ಮೊಬೈಲಿನಲ್ಲಿ ತೋರಿಸುವವರೆಗೂ ನನಗೆ ತುತ್ತು ಇಳಿಯುವುದಿಲ್ಲ. ಅಕ್ಕನಿಗೆ ತೋರಿಸುವವರು ಯಾರೂ ಇರಲಿಲ್ಲ. ಅವಳು ನನ್ನ ಮಾತು ನಂಬಿದಳು.