ಡಾಕ್ಟ್ರಮ್ಮ ಹೇಳದ ಮಾತು

ಮೊನ್ನೆ ಅಕ್ಕನ ಮಗಳು ಆನ್‌ಲೈನಿನಲ್ಲಿ ಏನೋ ತರಿಸಿಕೊಂಡು, ಉಗುರಿನ ಮೇಲೆ ಇನ್ನೊಂದು ಉಗುರು ಕಟ್ಟಿಕೊಳ್ಳುತ್ತ ಕೂತಿದ್ದಳು. ಪುಡಿಗೆ ಯಾವುದೋ ದ್ರವ ಕಲಸಿದ್ದೇ ತಡ, ಅದರ ಘಾಟು ಅಡುಗೆಮನೆವರೆಗೂ ಬಂತು. "ಚಿಕ್ಕೀ, ವಾಸನೆ ಬತ್ತದಾ? ಕಿಟಕಿ ತೆಗೀಲಾ?" ಎಂದಳು. ಬೇಡ, ಇರಲಿ ಎಂದೆ. ಕಟ್ಟುಹಲ್ಲಿನ ರಿಪೇರಿಗೆ ಗುಲಾಬಿ ಬಣ್ಣದ ಪುಡಿ ಕಲಸುವಾಗ ಬರುತ್ತಿದ್ದ ವಾಸನೆಯೂ ಥೇಟ್ ಇದೇ. ಮದುವೆಗೆ ಮುಂಚೆ, ಹೊನ್ನಾವರದಲ್ಲಿ ನಮ್ಮ ಡಾಕ್ಟ್ರಮ್ಮನ ಕ್ಲಿನಿಕ್ಕಿನ ಒಳಕೋಣೆಯಲ್ಲಿ ಅದನ್ನೆಷ್ಟು ಕುಡಿದಿದ್ದೆನೋ...

ಡಾಕ್ಟ್ರಮ್ಮ ಎಂದರೆ ಹಲ್ಲಿನ ಡಾಕ್ಟರು. ನಾನು ಅವರ ಸಹಾಯಕಿ. ನಮ್ಮ ಕಡೆ ಬೆಂಚಿನ ಮೇಲೆ ಕೂತವರು ಒಬ್ಬರಿಗೊಬ್ಬರು ಹೊಸಬರಾಗಿರುವುದೇ ಇಲ್ಲ. ಕುಮಟಾ ಬಸ್ಸಿನಲ್ಲಿ ಬಂದವರಿಗೂ ಭಟ್ಕಳ ಬಸ್ಸಿನಲ್ಲಿ ಬಂದವರಿಗೂ ಎರಡು ಮಾತಿನಲ್ಲಿ ನೆಂಟಸ್ತಿಕೆ ಹೊರಟುಬಿಡುತ್ತದೆ. ಮೂರನೆಯ ಮಾತೇ "ಎಂತಕ್ಕೆ ಬಂದದ್ದು?" ಎಂಬುದು. ಹಾಗಾಗಿ ಡಾಕ್ಟ್ರಮ್ಮ ಕುರ್ಚಿಯ ಕೋಣೆಗೆ ಪರದೆ ತೆಗೆಸಿ ಗಟ್ಟಿ ಬಾಗಿಲನ್ನೇ ಹಾಕಿಸಿದ್ದರು. ನೋವು ಎಲ್ಲಿ, ಯಾವಾಗಿನಿಂದ ಎಂದು ನಾನು ಹೊರಗೆ ಕೇಳುವಂತಿರಲಿಲ್ಲ. ಹಲ್ಲಿನ ಅಚ್ಚುಗಳನ್ನು ಕುಮಟೆಯ ಹಲ್ಲು ಕಟ್ಟುವ ಲ್ಯಾಬಿಗೆ ಕಳಿಸುವುದು ಬಸ್ಸಿನಲ್ಲೇ. ಒಮ್ಮೆ ಕಂಡಕ್ಟರು ಪೊಟ್ಟಣ ಬಿಚ್ಚಿ, "ಇದ್ಯಾರ ಬಾಯಿ ಮಾರಾಯ್ತಿ?" ಎಂದು ಬಸ್ಸಿಗೆಲ್ಲ ಕೇಳುವ ಹಾಗೆ ಕೂಗಿದ. ಅವತ್ತಿನಿಂದ ಅಚ್ಚುಗಳು ಮಿಠಾಯಿ ಡಬ್ಬಿಯೊಳಗೆ, ಹೆಸರಿಲ್ಲದೆ ಪ್ರಯಾಣ ಮಾಡತೊಡಗಿದವು.

ಅಂಥ ಹೊತ್ತಿನಲ್ಲಿ ನನಗೊಂದು ಸಂಬಂಧ ಕೂಡಿಬಂತು. ಹುಡುಗ ಕುಮಟಾ ಕಡೆಯವನು, ಬ್ಯಾಂಕಿನಲ್ಲಿ ಕೆಲಸ. ನೋಡಿ ಹೋಗಿದ್ದ, ನನಗೂ ಮನಸ್ಸಿತ್ತು. ಇನ್ನೇನು ಮಾತು ಮುಗಿಯಬೇಕು, ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಹುಡುಗಿಯ ಮುಂದಿನ ಹಲ್ಲು ಕಟ್ಟಿಸಿದ್ದು ಎಂದು ಅವರ ಮನೆಯವರ ಕಿವಿಗೆ ಊದಿದರು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಅಭ್ಯಾಸ ನನಗೆ. ಮೇಲಿಂದ ಕೆಲಸವೂ ಹಲ್ಲಿನ ಕ್ಲಿನಿಕ್ಕಿನಲ್ಲಿ. ಸುದ್ದಿಗೆ ಇಷ್ಟು ಸಾಲದೇ? ಹುಡುಗನ ತಾಯಿ ಸೀದಾ ಕ್ಲಿನಿಕ್ಕಿಗೇ ಬಂದರು. ನಮ್ಮಲ್ಲಿ ಅದೊಂದು ಪದ್ಧತಿಯೇ. ಹುಡುಗಿ ನೋಡಿದ ಮೇಲೆ ಡಾಕ್ಟರ ಹತ್ತಿರ ಮೆಲ್ಲಗೆ ವಿಚಾರಿಸಿಕೊಂಡು ಹೋಗುವುದು. ಕೇಳುವುದು ತಪ್ಪೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

ನಾನು ಒಳಗೆ ಪುಡಿ ಕಲಸುತ್ತಿದ್ದೆ. ಹಲ್ಲುಗಳು ಒಂದೂ ಬಿಡದೆ ನನ್ನವೇ. ಡಾಕ್ಟ್ರಮ್ಮನಿಗೆ ಅದು ಚೆನ್ನಾಗಿ ಗೊತ್ತು. ಒಂದು ಮಾತು ಹೇಳಿದರೆ ಮದುವೆ ಆದ ಹಾಗೆಯೇ ಎಂದು ಕಿವಿ ಕೊಟ್ಟು ನಿಂತೆ.

"ಯಾರ ಬಾಯಲ್ಲಿ ಎಂತ ಉಂಟು ಅಂತ ನಾ ಯಾರಿಗೂ ಹೇಳೂದಿಲ್ಲ ಅಮ್ಮ. ಬೇಜಾರು ಮಾಡ್ಕಳ್ಬೇಡಿ," ಎಂದರು ಡಾಕ್ಟ್ರಮ್ಮ.

"ಆತು ಬಿಡಿ, ತಿಳೀತು," ಎಂದು ಆ ತಾಯಿ ಎದ್ದು ಹೋದರು. ಅವರಿಗೆ ತಿಳಿದದ್ದು ಏನೆಂದು ನನಗೂ ತಿಳಿಯಿತು. ವಾರದೊಳಗೆ ಸಂಬಂಧ ಬೇಡವೆಂದು ಹೇಳಿ ಕಳಿಸಿದರು.

ನಾನು ಸುಮ್ಮನಿರುವ ಜಾತಿಯವಳಲ್ಲ. ಅವತ್ತೇ ಕೂಗಾಡಿದ್ದೆ. ನನ್ನ ಹಲ್ಲು, ನಾನೇ ಹೇಳಿ ಎನ್ನುತ್ತಿದ್ದೇನೆ, ನಿಮಗೇನು ಕಷ್ಟ ಎಂದು ಕೇಳಿದೆ. ಅವರು ಕೈಗವಸು ಕಳಚುತ್ತ ಹೇಳಿದರು: "ಇವತ್ತು ನಿಂದು ಚೊಲೋ ಉಂಟು ಹೇಳಿದೆ ಅಂತ ಇಟ್ಕೋ. ನಾಳೆ ಇನ್ನೊಬ್ಬಳದು ಕೇಳೂಕೆ ಬರ್ತಾರೆ. ಆಗ ನಾ ಹೇಳೂದಿಲ್ಲ ಅಂದ್ರೆ ಅವರು ಎಂತ ತಿಳ್ಕಳ್ಳೂದು?" ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ಮಧ್ಯಾಹ್ನ ನೋಡಿದರೆ ಅವರ ಊಟದ ಡಬ್ಬಿಯೂ ತೆರೆಯದೆ ಹಾಗೇ ಇತ್ತು. ನನ್ನಷ್ಟೇ ಅವರಿಗೂ ನೋವಾಗಿತ್ತು... ಆದರೂ ಅವರು ಆ ತಾಯಿಗೆ ಫೋನು ಮಾಡಲಿಲ್ಲ.

ಸೇಡನ್ನಂತೂ ನಾನು ತೀರಿಸಿಕೊಂಡೆ. ಆ ವರ್ಷ ಪರಿಚಯದವರ ಮನೆಯ ತುಳಸಿ ಮದುವೆಗೆ ಆ ತಾಯಿಯೂ ಬಂದಿದ್ದರು. ಪೂಜೆಯ ಕಬ್ಬು ಹಂಚಿದಾಗ ಬೇಕೆಂದೇ ಅವರೆದುರು ಕೂತು, ಮುಂದಿನ ಹಲ್ಲಿನಲ್ಲೇ ಸಿಪ್ಪೆ ಸಿಗಿದು ಸಿಗಿದು ತಿಂದೆ. ಅವರ ಮುಖ ನೋಡಬೇಕಿತ್ತು! ಆದರೆ ಅಷ್ಟೊತ್ತಿಗೆ ಅವರು ಬೇರೆ ಹುಡುಗಿಯನ್ನು ನೋಡಿಯಾಗಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಅವರು ಮತ್ತೆ ಕ್ಲಿನಿಕ್ಕಿಗೆ ಬಂದರು. ಅಭ್ಯಾಸಬಲ! ಈ ಸಲ ಹೊಸ ಹುಡುಗಿಯ ಹಲ್ಲಿನ ವಿಚಾರ. ಡಾಕ್ಟ್ರಮ್ಮ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದರು. ಆ ತಾಯಿ ನನ್ನತ್ತ ಒಮ್ಮೆ ನೋಡಿ, ತಮ್ಮಷ್ಟಕ್ಕೇ ನಕ್ಕುಬಿಟ್ಟರು.

"ಇವಳ ವಿಷಯಕ್ಕೂ ನೀವು ಇದೇ ಹೇಳಿದ್ದು. ಇವಳು ನೋಡಿದ್ರೆ ಕಬ್ಬು ಸಿಗಿದು ತಿಂದಳು. ನಿಮ್ಮ ಹತ್ರ ಕೇಳೂದೂ ಒಂದೇ, ಬಿಡೂದೂ ಒಂದೇ."

ಆ ಮದುವೆ ಆಯಿತು. ನಾನೂ ಡಾಕ್ಟ್ರಮ್ಮನೂ ಹೋಗಿ ಉಂಡು ಬಂದೆವು. ಆ ಹುಡುಗಿಯ ಹಲ್ಲು ಅವಳದೋ, ಕಟ್ಟಿಸಿದ್ದೋ ಎಂದು ನೀವೀಗ ಕೇಳುತ್ತೀರಿ. ನಾನು ಹೇಳುವುದಿಲ್ಲ. ಕಟ್ಟಿಸಿದ್ದೇ ಆಗಿದ್ದರೂ ಅವಳ ಮದುವೆ ಅವತ್ತು ಮುರಿಯುತ್ತಿರಲಿಲ್ಲ, ಏಕೆಂದರೆ ನನ್ನ ಒಳ್ಳೆಯ ಹಲ್ಲಿನ ಬಗ್ಗೆಯೂ ಡಾಕ್ಟ್ರಮ್ಮ ತುಟಿ ಪಿಟಕ್ಕೆಂದಿರಲಿಲ್ಲ. ಚಪ್ಪರದಲ್ಲಿ ಕೂತಾಗ ನನಗೆ ಹೊಟ್ಟೆಕಿಚ್ಚಾಗಬೇಕಿತ್ತು. ಆಗಿದ್ದು ಹೆಮ್ಮೆ. ನಾನು ಇಂಥವರ ಕೈಕೆಳಗೆ ಕೆಲಸ ಮಾಡುವವಳು ಎಂದು ಊಟದ ಪಂಕ್ತಿಯಲ್ಲಿ ಎದ್ದು ನಿಂತು ಕೂಗಬೇಕೆನಿಸಿತ್ತು. ಆ ಹೆಮ್ಮೆ ಈಗಲೂ ಹಾಗೇ ಇದೆ.

ಹೋದ ವರ್ಷ ಡಾಕ್ಟ್ರಮ್ಮ ತೀರಿಕೊಂಡರು. ಕೊನೆಯ ತಿಂಗಳುಗಳಲ್ಲಿ ಆಸ್ಪತ್ರೆಗೆ ಅವರ ಜೊತೆ ಓಡಾಡಿದವಳು ನಾನೇ. ವೈಕುಂಠ ಸಮಾರಾಧನೆಯ ದಿನ, ಕೈ ತೊಳೆಯುವಲ್ಲಿ ಅವರ ನೆರೆಮನೆಯ ಹೆಂಗಸು ಹತ್ತಿರ ಬಂದು ದನಿ ತಗ್ಗಿಸಿದರು. "ನೀ ಅವರ ಸಂಗ್ತಿಗೇ ಇದ್ದವಳಲ್ವಾ, ಅವರಿಗೆ ಎಂತ ಆಗಿತ್ತೇ?"

"ಅದು ನಾ ಹೇಳೂದಿಲ್ಲ," ಎಂದೆ.

"ಸತ್ತೋದವರದ್ದು ಹೇಳಿದ್ರೆ ಎಂತ ಆತದೆ?"

"ನಾಳೆ ನಿಮ್ಮದೂ ಯಾರಿಗೂ ಹೇಳೂದಿಲ್ಲ," ಎಂದೆ. ಅವರು ಸೆರಗಿಗೆ ಕೈ ಒರೆಸಿಕೊಂಡು ನಡೆದರು.

ಸಂಜೆ ಮನೆಗೆ ಬಂದವಳು, ಈ ಮಾತು ಕೇಳಿದರೆ ಡಾಕ್ಟ್ರಮ್ಮ ಎಷ್ಟು ನಗುತ್ತಾರೋ ಎಂದುಕೊಂಡು, ಅವರಿಗೇ ಹೇಳೋಣವೆಂದು ಫೋನು ಕೈಗೆತ್ತಿಕೊಂಡುಬಿಟ್ಟಿದ್ದೆ... ನಂಬರು ಇನ್ನೂ ಅಳಿಸಿಲ್ಲ. ಅವರಿಗೆ ಏನಾಗಿತ್ತು ಎಂದು ನೀವೂ ಕೇಳಬೇಡಿ. ಅವರಿಲ್ಲ ಎಂಬುದೊಂದನ್ನು ಹೇಳಬಲ್ಲೆ. ಅದನ್ನು ಹೇಳುವುದೂ ನನಗೆ ಇನ್ನೂ ಅಭ್ಯಾಸವಾಗಿಲ್ಲ.